ಕುದುರೆಯ ನಡೆ, ಗಡಿಯಾರದ ನಡೆ: ಜೈಮಿನಿ ಭಾರತದ ಪ್ರಸಂಗಗಳಲ್ಲಿ ಕಾಲೌಚಿತ್ಯ

ಕಾವ್ಯವೊಂದು ರಂಗಕ್ಕೆ ಇಳಿಯುವಾಗ ಕಥೆ ಕೆಡುವುದಕ್ಕೆ ಮೊದಲೇ ಕೆಡುವುದು ಅದರ ನಡೆ. ಪಾತ್ರಗಳು ಅವೇ, ಘಟನೆಗಳು ಅವೇ, ಮಾತಿನ ಸಾರವೂ ಬಹುಮಟ್ಟಿಗೆ ಅದೇ ಆಗಿದ್ದು, ಆದರೂ ಸಹೃದಯನ ಮನಸ್ಸಿನಲ್ಲಿ ‘ಇದು ಅದಲ್ಲ’ ಎಂಬ ಅತೃಪ್ತಿ ಉಳಿಯುವುದುಂಟು. ಅದಕ್ಕೆ ಕಾರಣವನ್ನು ವೇಷದಲ್ಲಿಯೋ ಹಿಮ್ಮೇಳದಲ್ಲಿಯೋ ಹುಡುಕುವುದು ವಾಡಿಕೆ. ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು ಎಂಬ ವಿವೇಕ ತಪ್ಪಿದಾಗಲೂ ಇದೇ ಅತೃಪ್ತಿ ಹುಟ್ಟುತ್ತದೆ ಎಂಬ ಕಡೆಗೆ ವಿಮರ್ಶೆಯ ಗಮನ ಹರಿದುದು ಕಡಿಮೆ. ಅದ್ಭುತರಸವೇ ಪ್ರಧಾನವಾಗಿರುವ ಕಥೆಗಳಲ್ಲಿ ಈ ದೋಷ ಇಮ್ಮಡಿಯಾಗಿ ತೋರುತ್ತದೆ. ಪವಾಡವು ತನ್ನ ಹೊತ್ತಿಗೆ ಬಂದರೆ ಪವಾಡ. ಹೊತ್ತಿಗೆ ಮುಂಚೆ ಬಂದರೆ ಬರಿಯ ಕಣ್ಕಟ್ಟು.

ಇದನ್ನು ಪರಿಶೀಲಿಸಲು ಲಕ್ಷ್ಮೀಶನ ಜೈಮಿನಿ ಭಾರತಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು. ವಾರ್ಧಕ ಷಟ್ಪದಿಯ ಮೂವತ್ತನಾಲ್ಕು ಸಂಧಿಗಳ ಈ ಕಾವ್ಯ ಸ್ವಭಾವತಃ ಒಂದು ಕಥಾಮಾಲಿಕೆ. ಧರ್ಮರಾಯನ ಅಶ್ವಮೇಧದ ಕುದುರೆ ಅಲೆಯುತ್ತದೆ. ಅದು ಹೊಕ್ಕ ರಾಜ್ಯದಲ್ಲಿ ಹೊಸ ಕಥೆ ಮೊದಲಾಗುತ್ತದೆ. ಅದು ಬಿಡುಗಡೆಯಾದೊಡನೆ ಆ ಕಥೆ ಮುಗಿಯುತ್ತದೆ. ಸುಧನ್ವ, ಪ್ರಮೀಳೆ, ಬಭ್ರುವಾಹನ, ತಾಮ್ರಧ್ವಜ, ಚಂದ್ರಹಾಸ ಎಲ್ಲರೂ ಆ ಕುದುರೆಯ ದಾರಿಯಲ್ಲಿ ನಿಂತವರೇ. ಕವಿಗೆ ಕುದುರೆಯೇ ಅಳತೆಗೋಲು. ಅದು ಓಡುವಾಗ ದೇಶಗಳು ಒಂದೆರಡು ಪದ್ಯಗಳಲ್ಲಿ ಹಿಂದೆ ಸರಿಯುತ್ತವೆ. ಅದು ಕಟ್ಟುವಡೆದಲ್ಲಿ ಒಂದು ಸಂಜೆಯೂ ಹಲವು ಪದ್ಯಗಳ ಹರಹನ್ನು ಪಡೆಯುತ್ತದೆ. ಹಳ್ಳಿಯ ಜಗುಲಿಗಳಲ್ಲಿ ಇದನ್ನು ಓದಿ ಅರ್ಥ ಹೇಳುತ್ತಿದ್ದ ಗಮಕಿಗಳಿಗೂ ಈ ಮರ್ಮ ತಿಳಿದಿತ್ತು: ಇಂದು ಸಾಲದಾದುದು ನಾಳೆಯ ರಾತ್ರಿಗೆ ಉಳಿಯುತ್ತಿತ್ತು.

ಕಾವ್ಯದಿಂದ ಯಕ್ಷಗಾನ ಪ್ರಸಂಗವನ್ನು ಕಟ್ಟಿದ ಕವಿಗಳು ಈ ನಡೆಯನ್ನು ಅರಿಯದವರಲ್ಲ. ಕುಂಬಳೆಯ ಪಾರ್ತಿಸುಬ್ಬನು ತೊರವೆ ರಾಮಾಯಣವನ್ನು ಆಧರಿಸಿದಾಗ ಮಾಡಿದುದನ್ನೇ ಜೈಮಿನಿ ಭಾರತವನ್ನು ಆಧರಿಸಿದವರೂ ಮಾಡಿದರು. ನಾಟ್ಯಶಾಸ್ತ್ರ ಪರಂಪರೆಯಲ್ಲಿ ಧನಂಜಯನ ದಶರೂಪಕವು ಇತಿವೃತ್ತವನ್ನು ಸೂಚ್ಯವೆಂದೂ ದೃಶ್ಯವೆಂದೂ ವಿಂಗಡಿಸುತ್ತದೆ. ನೀರಸವಾದುದನ್ನು ಸೂಚಿಸಿ ಮುಂದೆ ಸಾಗಬೇಕು, ರಸಭರಿತವಾದುದನ್ನು ಕಾಣಿಸಬೇಕು. ಪ್ರಸಂಗದಲ್ಲಿ ಈ ವಿಂಗಡಣೆ ಛಂದಸ್ಸಿನಲ್ಲಿಯೇ ಅಡಗಿದೆ. ಕಂದ, ವಾರ್ಧಕ, ದ್ವಿಪದಿಗಳಲ್ಲಿ ಭಾಗವತನು ಕಥೆಯನ್ನು ದಾಟಿಸುತ್ತಾನೆ. ಏಕ, ಅಷ್ಟ, ಝಂಪೆ, ತ್ರಿವುಡೆ ಮೊದಲಾದ ತಾಳಗಳ ಪದಗಳಲ್ಲಿ ಅದನ್ನು ನಿಲ್ಲಿಸುತ್ತಾನೆ. ನಿಂತಲ್ಲಿ ಕುಣಿತವುಂಟು, ಅರ್ಥವುಂಟು. ಹೀಗೆ ಪ್ರಸಂಗದ ಪುಸ್ತಕವೆಂಬುದು ಬರಿಯ ಹಾಡುಗಳ ಸಂಗ್ರಹವಲ್ಲ, ಅದೊಂದು ವೇಗದ ನಕ್ಷೆ. ಇಂದು ಅದನ್ನು ಕೈಯಲ್ಲಿ ಹಿಡಿದು ಪದಗಳನ್ನು ಕತ್ತರಿಸುವವರು ಈ ನಕ್ಷೆಯನ್ನು ಓದಿ ಕತ್ತರಿಸುತ್ತಾರೆಯೆ ಎಂಬುದೇ ಪ್ರಶ್ನೆ.

ಕತ್ತರಿಸಬೇಕಾದ ಅನಿವಾರ್ಯತೆಯನ್ನು ಅಲ್ಲಗಳೆಯುವಂತಿಲ್ಲ. ಬಯಲಾಟಕ್ಕೆ ಇಡಿಯ ರಾತ್ರಿಯೇ ಅವಧಿಯಾಗಿತ್ತು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10 ಗಂಟೆಯಿಂದ ಬೆಳಗಿನ 6ರ ವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ತಡೆಯೊಡ್ಡಿದವು. ಊರಿನಲ್ಲಿಯೇ ಧರ್ಮಸ್ಥಳದಂಥ ಹಿರಿಯ ಮೇಳವು ಕಾಲಮಿತಿಯನ್ನು ಅಂಗೀಕರಿಸಿದೆ. ಇನ್ನು ಮುಂಬಯಿಯ ಸುತ್ತಣ ನಗರಗಳ ಮಾತೇನು? ಕಳಂಬೋಲಿಯ ಉಕ್ಕಿನ ಪೇಟೆಯಲ್ಲಿ ಲೆಕ್ಕ ಬರೆಯುವವನಿಗೂ, ಹೆದ್ದಾರಿಯ ಬದಿಯ ಹೋಟೆಲಿನಲ್ಲಿ ಗಲ್ಲಾ ನೋಡುವವನಿಗೂ ಬೆಳಗಿನವರೆಗೆ ಕುಳಿತುಕೊಳ್ಳುವ ಅವಕಾಶವಿಲ್ಲ. ಡೊಂಬಿವಲಿಯಿಂದಲೋ ಠಾಣೆಯಿಂದಲೋ ಬಂದವರ ಒಂದು ಕಣ್ಣು ರಂಗದ ಮೇಲೆ, ಇನ್ನೊಂದು ಕಣ್ಣು ಕೊನೆಯ ಲೋಕಲ್ ಗಾಡಿಯ ಮೇಲೆ. ಸಭಾಗೃಹದವರು ಹೊತ್ತಿಗೆ ಸರಿಯಾಗಿ ದೀಪ ಆರಿಸುತ್ತಾರೆ. ಎಂದಮೇಲೆ ಮೂರು ಗಂಟೆಯ ಆಟವನ್ನು ಅಪಚಾರವೆಂದು ಜರೆಯುವುದು ಸುಲಭವಾದರೂ ನ್ಯಾಯವಲ್ಲ. ಶಿವರಾಮ ಕಾರಂತರು ಕಾಲಮಿತಿಯ ಕಾನೂನುಗಳು ಹುಟ್ಟುವುದಕ್ಕೆ ಎಷ್ಟೋ ಮೊದಲು ತಮ್ಮ ಪ್ರಯೋಗಗಳಲ್ಲಿ ಆಟವನ್ನು ಎರಡು–ಮೂರು ಗಂಟೆಗಳಿಗೆ ಇಳಿಸಿದ್ದರು. ಅವರು ತೆಗೆದುದು ಮಾತನ್ನು, ಉಳಿಸಿದುದು ಗೀತ–ನೃತ್ಯಗಳನ್ನು. ಅದರ ಬಗೆಗೆ ಭಿನ್ನಾಭಿಪ್ರಾಯವಿರಬಹುದು. ಆದರೆ ಅದೊಂದು ಆಯ್ಕೆ. ಏನನ್ನು ಕಳೆದುಕೊಳ್ಳುತ್ತಿದ್ದೇವೆಂದು ಬಲ್ಲವನು ಮಾಡಿದ ಆಯ್ಕೆ.

ಇಂದು ನಗರಗಳ ಕಾಲಮಿತಿಯ ಆಟದಲ್ಲಿ ಸಾಮಾನ್ಯವಾಗಿ ಕಾಣುವುದು ಆಯ್ಕೆಯಲ್ಲ, ಸಮಾನ ಕಡಿತ. ಪ್ರತಿಯೊಂದು ಸನ್ನಿವೇಶದಿಂದಲೂ ಇಷ್ಟಿಷ್ಟು ಪದಗಳನ್ನು ತೆಗೆದು ಕಥೆಯನ್ನು ಪೂರ್ತಿಯಾಗಿ ಉಳಿಸಿದ್ದೇವೆಂಬ ಸಮಾಧಾನ ಪಡುವುದು. ಸರಳವಾದೊಂದು ಲೆಕ್ಕವನ್ನು ಹಾಕಿ ನೋಡಬಹುದು. ಆರಿಸಿದ ಪದಗಳು 90 ಎಂದೂ, ಒಂದು ಪದದ ಗಾನ–ನರ್ತನಕ್ಕೆ ಎರಡೇ ನಿಮಿಷವೆಂದೂ ಇಟ್ಟುಕೊಂಡರೆ 180 ನಿಮಿಷ, ಅಂದರೆ ಮೂರು ಗಂಟೆಯೂ ತೀರಿಹೋಯಿತು. ಅರ್ಥಕ್ಕೆ ಉಳಿದುದು ಸೊನ್ನೆ. ಆದುದರಿಂದ ಪದವನ್ನು ಓಡಿಸಬೇಕು, ಮಾತನ್ನು ನುಂಗಬೇಕು, ಪ್ರವೇಶವನ್ನು ಮೊಟಕಿಸಬೇಕು. ಕೊನೆಗೆ ಯುದ್ಧಕುಣಿತ ಮಾತ್ರ ತನ್ನ ಅವಧಿಯನ್ನು ಬಿಟ್ಟುಕೊಡುವುದಿಲ್ಲ. ಏಕೆಂದರೆ ಕರತಾಡನ ದೊರೆಯುವುದು ಅಲ್ಲಿಯೇ.

ಇದರಿಂದ ಆಗುವ ಹಾನಿಗೆ ಸುಧನ್ವನ ಕಥೆಯೇ ಸಾಕ್ಷಿ. ಚಂಪಕಾಪುರದ ಹಂಸಧ್ವಜನು ಅರ್ಜುನನ ಕುದುರೆಯನ್ನು ಕಟ್ಟಿ, ರಣಭೇರಿ ಮೊಳಗಿದ ಮೇಲೆ ತಡಮಾಡಿ ಬಂದವರನ್ನು ಕುದಿಯುವ ಎಣ್ಣೆಯ ಕೊಪ್ಪರಿಗೆಯಲ್ಲಿ ಹಾಕಿಸುವೆನೆಂದು ಸಾರುತ್ತಾನೆ. ಮಗನಾದ ಸುಧನ್ವನು ತಾಯಿಯನ್ನೂ ತಂಗಿಯನ್ನೂ ಬೀಳ್ಕೊಂಡು ಹೊರಡುವಾಗ ಪತ್ನಿ ಪ್ರಭಾವತಿ ಅಡ್ಡ ನಿಲ್ಲುತ್ತಾಳೆ. ಅವಳು ಬೇಡುವುದು ಸುಖವನ್ನಲ್ಲ, ಸಂತಾನವನ್ನು. ಹಿಂದಿರುಗುವನೋ ಇಲ್ಲವೋ ತಿಳಿಯದ ಗಂಡನ ಮುಂದೆ ಅವಳ ವಾದ ಧರ್ಮಸಮ್ಮತವಾದುದು. ಅವನು ಮಣಿಯುತ್ತಾನೆ, ತಡವಾಗುತ್ತದೆ. ಶಂಖ–ಲಿಖಿತರೆಂಬ ಪುರೋಹಿತರು ಮಗನೆಂದು ಕ್ಷಮಿಸಕೂಡದೆಂದು ದೊರೆಯನ್ನು ಅವನ ಮಾತಿಗೆ ಕಟ್ಟುತ್ತಾರೆ. ಮುಂದೆ ಕೊಪ್ಪರಿಗೆ, ಹರಿಸ್ಮರಣೆ, ಎಣ್ಣೆ ತಣ್ಣಗಾಗುವ ಅದ್ಭುತ.

ಈ ಕಥೆಯ ವಸ್ತುವೇ ತಡವಾಗುವುದು ಎಂಬುದನ್ನು ಗಮನಿಸಬೇಕು. ಹೊರಗೆ ಭೇರಿ ಮೊಳಗುತ್ತಿದೆ, ಒಳಗೆ ಸಂವಾದ ಬೆಳೆಯುತ್ತಿದೆ. ಪ್ರೇಕ್ಷಕನ ಮನಸ್ಸು ಏಕಕಾಲದಲ್ಲಿ ‘ಹೊರಡು, ಹೊರಡು’ ಎಂದೂ, ‘ಅವಳು ಹೇಳುವುದೂ ಸರಿಯಲ್ಲವೆ?’ ಎಂದೂ ತುಯ್ದಾಡಬೇಕು. ಈ ತುಯ್ತಕ್ಕೆ ಹೊತ್ತು ಬೇಕು. ಪ್ರಭಾವತಿಗೆ ಎರಡು ಪದಗಳನ್ನೂ ಸುಧನ್ವನಿಗೆ ಒಂದು ಉತ್ತರವನ್ನೂ ಕೊಟ್ಟು ಐದು ನಿಮಿಷಗಳಲ್ಲಿ ಪ್ರಕರಣ ಮುಗಿಸಿದರೆ, ಕಥೆಯಲ್ಲಿ ಸುಧನ್ವನು ತಡಮಾಡಿದನೆಂದು ಭಾಗವತ ಹೇಳುತ್ತಾನೆ. ರಂಗದ ಮೇಲಾದರೋ ಅವನು ತಡಮಾಡಿಯೇ ಇಲ್ಲ! ಅಪರಾಧವೇ ಅನುಭವಕ್ಕೆ ಬಾರದಿರುವಾಗ ಶಿಕ್ಷೆ ಕ್ರೌರ್ಯವಾಗಿಯೂ, ಅದ್ಭುತವು ಜಾದೂವಾಗಿಯೂ ತೋರದೆ ಇನ್ನೇನಾದೀತು? ಎಣ್ಣೆಯ ಕಾವು ಹುಟ್ಟಬೇಕಾದುದು ಒಲೆಯಿಂದಲ್ಲ, ಪ್ರಭಾವತಿಯ ಮಾತಿನಿಂದ. ಇತಿವೃತ್ತವನ್ನು ರಸಕ್ಕೆ ಅನುಗುಣವಾಗಿ ಬದಲಿಸುವ ಅಧಿಕಾರ ಕವಿಗೆ ಉಂಟೆಂದು ಆನಂದವರ್ಧನನು ಹೇಳಿದುದುಂಟು. ರಸವನ್ನು ಕೈಬಿಟ್ಟು ಇತಿವೃತ್ತವನ್ನು ಉಳಿಸಿಕೊಳ್ಳುವ ಅಧಿಕಾರವನ್ನು ಯಾರೂ ಯಾರಿಗೂ ಕೊಟ್ಟಂತೆ ಕಾಣುವುದಿಲ್ಲ.

ಚಂದ್ರಹಾಸನ ಕಥೆಯ ಸಮಸ್ಯೆ ಇನ್ನೊಂದು ಬಗೆಯದು. ಅಲ್ಲಿ ಒಂದು ಆಯುಷ್ಯವೇ ಇದೆ: ದಿಕ್ಕಿಲ್ಲದ ಶಿಶು, ಕಟುಕರು ಕತ್ತರಿಸಿಕೊಂಡು ಹೋದ ಆರನೆಯ ಬೆರಳು, ಕುಳಿಂದನ ಮನೆಯ ಸಾಕು, ದುಷ್ಟಬುದ್ಧಿಯ ಪತ್ರ, ವಿಷಯೆಯ ಕಣ್ಣ ಕಾಡಿಗೆ, ಚಂಡಿಕಾಲಯ. ಇದನ್ನು ಓಡಿಸದೆ ಗತ್ಯಂತರವಿಲ್ಲ. ಲಕ್ಷ್ಮೀಶನೂ ಇದನ್ನು ನಾರದನ ಬಾಯಿಂದ ಅರ್ಜುನನಿಗೆ ಹೇಳಿಸಿದ್ದಾನೆ. ಹೇಳಿದ ಕಥೆಗೆ ಓಡುವ ಹಕ್ಕು ಹೆಚ್ಚು. ಆದರೆ ‘ವಿಷ’ವು ‘ವಿಷಯೆ’ಯಾಗುವ ಒಂದು ಗಳಿಗೆಯಲ್ಲಿ ಕಥೆ ಉಸಿರು ಬಿಗಿಹಿಡಿದು ನಿಲ್ಲಬೇಕು. ಮಲಗಿರುವ ತರುಣ, ಬಾಗಿ ಓದುವ ಕನ್ಯೆ, ಇಷ್ಟೇ. ಮಾತಿಲ್ಲ, ಯುದ್ಧವಿಲ್ಲ. ಒಳ್ಳೆಯ ಸ್ತ್ರೀವೇಷಧಾರಿಯಿದ್ದು, ಭಾಗವತನು ಆತುರಪಡದಿದ್ದರೆ ಈ ಒಂದು ದೃಶ್ಯ ಉಳಿದೆಲ್ಲವನ್ನೂ ಹೊತ್ತು ನಿಲ್ಲಬಲ್ಲದು. ಬಾಲ್ಯದ ಪ್ರಕರಣವನ್ನು ಒಂದು ದ್ವಿಪದಿಯಲ್ಲಿ ದಾಟಿಸಿ ಇಲ್ಲಿಗೆ ಹೊತ್ತನ್ನು ಉಳಿಸಿಕೊಂಡರೆ ಯಾರಿಗೂ ನಷ್ಟವಿಲ್ಲ.

ಚಲನಚಿತ್ರದವರು ಈ ವಿವೇಕವನ್ನು ಒಮ್ಮೆ ಚೆನ್ನಾಗಿ ತೋರಿದ್ದಾರೆಂಬುದನ್ನು, ಶುದ್ಧಿವಾದಿಗಳಿಗೆ ರುಚಿಸದಿದ್ದರೂ, ಹೇಳಬೇಕು. ಹುಣಸೂರು ಕೃಷ್ಣಮೂರ್ತಿಯವರ 1977ರ ‘ಬಭ್ರುವಾಹನ’ದಲ್ಲಿ ತಂದೆ–ಮಕ್ಕಳ ಕಾಳಗಕ್ಕೆ ಮೊದಲು ಅರ್ಜುನನ ತೀರ್ಥಯಾತ್ರೆಗೆ, ಉಲೂಚಿ–ಚಿತ್ರಾಂಗದೆಯರ ಪ್ರಣಯಕ್ಕೆ ಧಾರಾಳವಾಗಿ ಕಾಲ ಸಂದಿದೆ. ಹೆಸರು ಬಭ್ರುವಾಹನನದು, ಹೊತ್ತು ಅರ್ಜುನನದು ಎಂದು ಆಕ್ಷೇಪಿಸಬಹುದು. ಆದರೆ ಚಿತ್ರಾಂಗದೆಯನ್ನು ನೋಡುಗರು ಬಲ್ಲವರಾದುದರಿಂದಲೇ ಮುಂದೆ ಅರ್ಜುನನು ಅವಳ ಶೀಲವನ್ನು ಹಳಿದಾಗ ಆ ಮಾತು ನಾಟುತ್ತದೆ. ಮಗನ ಕ್ರೋಧಕ್ಕೆ ವಿವರಣೆ ಬೇಕಾಗುವುದಿಲ್ಲ. ಕಾಲಮಿತಿಯ ಆಟದಲ್ಲಿ ಚಿತ್ರಾಂಗದೆ ಎರಡು ನಿಮಿಷ ಕಂಡು ಮರೆಯಾದರೆ ಅದೇ ನಿಂದೆ ಕೇವಲ ಜಗಳದ ಬೈಗುಳಾಗುತ್ತದೆ.

ದೂರದ ಜಪಾನಿನಲ್ಲಿ ಇದೇ ತೊಡಕು ಬೇರೊಂದು ವೇಷದಲ್ಲಿ ಕಾಣಿಸಿಕೊಂಡಿದೆ. ಕನ್ನಡ ಮನೆಗಳ ಮಕ್ಕಳು ಇಂದು ಆಸಕ್ತಿಯಿಂದ ನೋಡುವ ಅನಿಮೆ ಎಂಬ ಚಿತ್ರಮಾಲಿಕೆಗಳಲ್ಲಿ ಹಲವು ಅದ್ಭುತ ಕಾದಂಬರಿಗಳಿಂದ ಹುಟ್ಟಿದವು. ಮೂರು ತಿಂಗಳ ಪ್ರಸಾರಾವಧಿಗೆ ಹನ್ನೆರಡು–ಹದಿಮೂರು ಕಂತುಗಳು ಎಂಬುದು ಅಲ್ಲಿಯ ಗಡಿಯಾರ. ಸಂಪುಟಗಟ್ಟಲೆ ಕಾದಂಬರಿಯನ್ನು ಆ ಚೌಕಟ್ಟಿಗೆ ತುರುಕಿದಾಗ ನಮ್ಮ ಮೂರು ಗಂಟೆಯ ಆಟದ ಅವಸ್ಥೆಯೇ ಒದಗುತ್ತದೆ. ಆದರೆ ನಹೊಕೊ ಉಎಹಶಿಯವರ 1996ರ ಕಾದಂಬರಿಯನ್ನು ಕೆಂಜಿ ಕಮಿಯಾಮರು 2007ರಲ್ಲಿ ‘ಸೈರೆಯಿ ನೊ ಮೊರಿಬಿತೊ’ ಎಂಬ ಮಾಲಿಕೆಯಾಗಿಸಿದಾಗ ದಾರಿ ತಲೆಕೆಳಗಾಯಿತು: ಒಂದೇ ಕಾದಂಬರಿ, ಇಪ್ಪತ್ತಾರು ಕಂತು. ಕಂತಿಗೆ ಇಪ್ಪತ್ತೈದು ನಿಮಿಷದಂತೆ ಲೆಕ್ಕವಿಟ್ಟರೆ ಹನ್ನೊಂದು ಗಂಟೆಗೆ ಸ್ವಲ್ಪವೇ ಕಡಿಮೆ. ಎಂದರೆ ನಮ್ಮ ಇಡಿಯ ರಾತ್ರಿಯ ಬಯಲಾಟಕ್ಕೆ ಸಮೀಪದ ಅವಧಿ. ಜಲಚೈತನ್ಯವೊಂದರ ಅಂಡವನ್ನು ಮೈಯೊಳಗೆ ಹೊತ್ತ ರಾಜಕುಮಾರನನ್ನು ಭರ್ಜಿ ಹಿಡಿದ ಬಾಲ್ಸಾ ಎಂಬ ಹೆಣ್ಣು ಕಾಪಾಡುವ ಕಥೆ ಅದು. ನಡುವೆ ಹಲವು ಕಂತುಗಳಲ್ಲಿ ಕಾಳಗವಿಲ್ಲ. ಹುಡುಗ ನೀರುಗಿರಣಿಯ ಮನೆಯಲ್ಲಿ ಸಾಮಾನ್ಯರಂತೆ ಬದುಕಲು ಕಲಿಯುತ್ತಾನೆ. ಇದನ್ನು ಜಡವೆಂದು ದೂರಿದವರುಂಟು. ಆ ದೂರು ಪೂರ್ತಿ ಸುಳ್ಳಲ್ಲ. ಒಂದೆರಡು ಕಂತುಗಳು ನಿಜಕ್ಕೂ ಹಿಗ್ಗಿಸಿದುವೇ. ಆದರೂ ಅಂಡ ಬೆಳೆಯಲು ಋತುಗಳು ಕಳೆಯಬೇಕಾದ ಕಥೆಯಲ್ಲಿ ಋತುಗಳು ಕಳೆದಂತೆ ಅನಿಸುವುದು ದೋಷವೆಂದು ಹೇಗೆ ಹೇಳುವುದು? ಪ್ರಭಾವತಿಯ ಸಂವಾದಕ್ಕೂ ಆ ಗಿರಣಿಯ ಮನೆಗೂ ಇರುವ ಸಂಬಂಧ ಇದೇ.

ಕನ್ನಡ ರಂಗಭೂಮಿ ದೀರ್ಘಾವಧಿಗೆ ಹೆದರಬೇಕಾಗಿಲ್ಲವೆಂಬುದನ್ನು ರಂಗಾಯಣವು 2010ರಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಸುಮಾರು ಒಂಬತ್ತು ಗಂಟೆಗಳ ನಾಟಕವಾಗಿಸಿ ತೋರಿಸಿತು. ಅದು ಮೈಸೂರು, ಸರಕಾರದ ಬೆಂಬಲವುಳ್ಳ ಸಂಸ್ಥೆ. ಇಲ್ಲಿಯ ಸಂಘಗಳ ಪರಿಸ್ಥಿತಿ ಬೇರೆ.

ಬೇರೆಯೆಂದಾಗ ಹಣದ ಮಾತನ್ನೂ ಆಡಬೇಕಾಗುತ್ತದೆ. ಮಳೆಗಾಲದಲ್ಲಿ ಊರಿನ ಮೇಳಗಳು ತಿರುಗಾಟ ನಿಲ್ಲಿಸಿದ ಮೇಲೆ ಅತಿಥಿ ಕಲಾವಿದರನ್ನು ಮುಂಬಯಿಗೆ ಕರೆಸುವ ಪದ್ಧತಿಯಿದೆ. ಪ್ರಯಾಣ, ವಸತಿ, ಸಂಭಾವನೆ ಸೇರಿ ಖರ್ಚು ಬೆಳೆದಾಗ ಹೆಸರಾಂತ ವೇಷಧಾರಿಗಳೆಲ್ಲ ಒಂದೇ ಸಂಜೆ ರಂಗಕ್ಕೆ ಬರಬೇಕೆಂದು ಪ್ರಾಯೋಜಕರು ಅಪೇಕ್ಷಿಸುವುದು ಸಹಜ. ಒಬ್ಬೊಬ್ಬರಿಗೂ ಒಂದು ಪ್ರವೇಶ, ಒಂದು ಕುಣಿತ. ಸಾಲದ್ದಕ್ಕೆ ಎರಡು ಪ್ರಸಂಗಗಳು. ನಡುವೆ ಸನ್ಮಾನ, ಹಾರ, ಶಾಲು, ಭಾಷಣ! ಸುಧನ್ವನು ತಡಮಾಡಲು ಸಿಗದ ಹೊತ್ತು ಅಧ್ಯಕ್ಷೀಯ ಭಾಷಣಕ್ಕೆ ಹೇಗೋ ಸಿಗುತ್ತದೆ. ಹೀಗೆ ನಡೆಯ ದೋಷದ ಬೇರು ಎಷ್ಟೋ ವೇಳೆ ಚೌಕಿಯಲ್ಲಿರುವುದಿಲ್ಲ, ಆಯವ್ಯಯದ ಪಟ್ಟಿಯಲ್ಲಿರುತ್ತದೆ. ಇದರ ಬೆಲೆಯನ್ನು ತೆರುವವರು ಇಲ್ಲಿಯೇ ಹುಟ್ಟಿ ಬೆಳೆದು, ವಾರಕ್ಕೊಮ್ಮೆ ಹೆಜ್ಜೆ ಕಲಿಯುವ ಮಕ್ಕಳು. ಅವರು ಕಂಡುದು ಈ ಓಟದ ಆಟವನ್ನೇ. ಪ್ರಭಾವತಿಯ ಪಾತ್ರಕ್ಕೆ ಮಾತುಂಟೆಂಬುದೇ ಅವರಿಗೆ ತಿಳಿಯದೆ ಹೋದರೆ, ನಾಳೆ ಇಡಿಯ ರಾತ್ರಿ ಬಿಟ್ಟುಕೊಟ್ಟರೂ ಅದನ್ನು ತುಂಬುವವರು ಯಾರು?

ಕಾವ್ಯವೇ ಮಾಲಿಕೆಯಾಗಿರುವಾಗ ಆಟವೂ ಮಾಲಿಕೆಯಾಗುವುದಕ್ಕೆ ಅಡ್ಡಿಯೇನಿದೆ? ತಾಳಮದ್ದಲೆಯ ಸಪ್ತಾಹಗಳಲ್ಲಿ ಕಥೆಯನ್ನು ದಿನಗಳಿಗೆ ಹಂಚುವ ರೂಢಿ ಇದ್ದೇ ಇದೆ. ಸುಧನ್ವನನ್ನು ಎರಡು ಭಾನುವಾರಗಳಿಗೆ ಹಂಚಬಹುದು. ಮೊದಲ ಸಂಜೆ ಪೂರ್ವರಂಗಕ್ಕೆ 10 ನಿಮಿಷ, ಹಂಸಧ್ವಜನ ಒಡ್ಡೋಲಗಕ್ಕೂ ಶಾಸನಕ್ಕೂ 35, ತಾಯಿ–ತಂಗಿಯರ ಬೀಳ್ಕೊಡುಗೆಗೆ 25, ಪ್ರಭಾವತಿಗೆ 40, ಶಂಖ–ಲಿಖಿತರ ಸಭೆಗೆ 30, ಕೊಪ್ಪರಿಗೆಗೆ 30, ಮಂಗಳಕ್ಕೆ 10: ಮೂರು ಗಂಟೆಗೆ ಸರಿಹೋಗುತ್ತದೆ. ಆ ಸಂಜೆ ಅರ್ಜುನನ ವೇಷವೇ ಬೇಡ. ಒಬ್ಬ ಅತಿಥಿ ಕಲಾವಿದನ ಖರ್ಚೂ ಉಳಿಯಿತು. ಅರ್ಜುನನ ಪ್ರತಿಜ್ಞೆ, ಮೂರು ಬಾಣಗಳು, ಕೃಷ್ಣನು ಅವುಗಳಿಗೆ ಧಾರೆಯೆರೆಯುವ ಪುಣ್ಯ, ತಮ್ಮನ ಬಳಿಕ ರಣಕ್ಕಿಳಿಯುವ ಸುರಥ, ಇವೆಲ್ಲ ಎರಡನೆಯ ಭಾನುವಾರಕ್ಕೆ. ಕೊನೆಯ ಗಾಡಿಯನ್ನು ಹಿಡಿಯಬೇಕಾದವರು ಎಣ್ಣೆ ತಣ್ಣಗಾದುದನ್ನು ಕಂಡು ಏಳಬಹುದು. ಭೇರಿಯ ಸದ್ದು ಕಿವಿಯಲ್ಲಿರುವಂತೆಯೇ ಅವರು ಮುಂದಿನ ವಾರ ಮರಳಿ ಬರುವರು.