ಎರಡು ಕಿಲೋಬೈಟಿನ ಕೃತಿಕಾರರು

1984ರ ಜೂನ್‌ನಲ್ಲಿ ನಿಂಟೆಂಡೊ ಜಪಾನಿನಲ್ಲಿ ತನ್ನ ಫ್ಯಾಮಿಕಾಮ್ ಆಟದ ಯಂತ್ರಕ್ಕೆ ‘ಫ್ಯಾಮಿಲಿ ಬೇಸಿಕ್’ ತಂದಿತು. ಹಡ್ಸನ್ ಸಾಫ್ಟ್ ಮತ್ತು ಶಾರ್ಪ್ ಕಂಪನಿಗಳ ಜೊತೆ ಸೇರಿ ಮಾಡಿದ ಈ ಜೋಡಿಯಲ್ಲಿದ್ದದ್ದು ಒಂದು ಕೀಬೋರ್ಡು, ಒಂದು ಕಾರ್ಟ್ರಿಜ್. ಬೆಲೆ 14,800 ಯೆನ್. ಆಟದ ಯಂತ್ರದ ಬೆಲೆಯೂ ಅಷ್ಟೇ. ಆಡುತ್ತಿದ್ದ ಮಕ್ಕಳು ಇನ್ನು ಮುಂದೆ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಆಟ ಬರೆಯಬಹುದಿತ್ತು. ಮಾರಿಯೋನ ಚಿತ್ರ ಕಾರ್ಟ್ರಿಜ್‌ನಲ್ಲಿ ಸಿದ್ಧವಾಗಿತ್ತು, ಅವನನ್ನು ನಡೆಸಲು ಒಂದೆರಡು ಸಾಲು ಸಾಕಿತ್ತು.

ಇಂಥ ಸಾಧನವನ್ನು ಚಿತ್ರ, ಸದ್ದು, ವೇಗಗಳಿಂದ ಅಳೆಯುವುದು ನನಗೆ ಸರಿ ಕಾಣುವುದಿಲ್ಲ. ಬರೆಯಲು ಕೂತ ಮಗುವಿಗೆ ಇವತ್ತು ಬರೆದದ್ದು ನಾಳೆ ಸಿಗಬೇಕು. ಫ್ಯಾಮಿಲಿ ಬೇಸಿಕ್‌ಗೂ ಹಿಂದೆ ಅಟಾರಿ 2600 ಆಟದ ಯಂತ್ರಕ್ಕೆ ವಾರೆನ್ ರಾಬಿನೆಟ್ ರೂಪಿಸಿದ ‘ಬೇಸಿಕ್ ಪ್ರೋಗ್ರಾಮಿಂಗ್’ ಸೋತದ್ದು ಇಲ್ಲಿಯೇ. ಕೇವಲ 128 ಬೈಟ್ ಮೆಮೊರಿಯ ಯಂತ್ರದಲ್ಲಿ ಅಷ್ಟನ್ನು ಸಾಧಿಸಿದ್ದೇ ದೊಡ್ಡ ಜಾಣ್ಮೆ, ನಿಜ. ಆದರೆ ಉಳಿಸುವ ದಾರಿಯೇ ಇರಲಿಲ್ಲ. ಸ್ವಿಚ್ ಆರಿಸಿದರೆ ಬರೆದದ್ದೆಲ್ಲ ಹೋಯಿತು. ಅಲ್ಲಿ ಕಲಿಯಬಹುದಿತ್ತು, ಏನನ್ನೂ ಕಟ್ಟಲು ಆಗುತ್ತಿರಲಿಲ್ಲ.

ಫ್ಯಾಮಿಲಿ ಬೇಸಿಕ್ ಎರಡು ದಾರಿ ಕೊಟ್ಟಿತು. ಕಾರ್ಟ್ರಿಜ್‌ನೊಳಗೆ ಎರಡು ಪೆನ್ಸಿಲ್ ಸೆಲ್ ಹಾಕಿದರೆ ಯಂತ್ರ ಆರಿಸಿದ ಮೇಲೂ ಮೆಮೊರಿ ಹಿಡಿದಿರುತ್ತಿತ್ತು. ಆದರೆ ಆ ಮೆಮೊರಿ ಎರಡೇ ಕಿಲೋಬೈಟು. ಇಂಗ್ಲಿಷಿನ ಒಂದು ಪುಟ ಬರೆದರೆ ತುಂಬಿಹೋಗುವಷ್ಟು! ಅಲ್ಲಿ ಇರಬಹುದಾದದ್ದು ಒಂದೇ ಪ್ರೋಗ್ರಾಂ. ಹೊಸದು ಬರೆಯಬೇಕೆಂದರೆ ಹಳೆಯದನ್ನು ಅಳಿಸಬೇಕು. ಹೆಚ್ಚಿನ ಜಾಗ ಸಿಕ್ಕಿದ್ದು 1985ರ ಮೂರನೆಯ ಆವೃತ್ತಿಯಲ್ಲಿ, ಅದೂ ನಾಲ್ಕು ಕಿಲೋಬೈಟಿನಷ್ಟು ಮಾತ್ರ.

ಎರಡನೆಯ ದಾರಿ ಟೇಪು. ಈ ಸಾಧನದ ನಿಜವಾದ ಬಲ ಅದೇ ಎಂಬುದು ನನ್ನ ತೀರ್ಮಾನ. ಪ್ರೋಗ್ರಾಮಿನ ಒಂದೊಂದು ಬಿಟ್ಟನ್ನೂ ಸದ್ದಾಗಿಸಿ ಮಾಮೂಲಿ ಆಡಿಯೋ ಕ್ಯಾಸೆಟ್ಟಿಗೆ ತುಂಬುವುದು, ಬೇಕಾದಾಗ ಆ ಸದ್ದನ್ನು ಯಂತ್ರಕ್ಕೆ ಕೇಳಿಸಿ ಮತ್ತೆ ಪ್ರೋಗ್ರಾಂ ಪಡೆಯುವುದು. ನಿಧಾನದ ಕೆಲಸ. ವಾಲ್ಯೂಮ್ ಹೆಚ್ಚುಕಮ್ಮಿಯಾದರೆ, ಟೇಪು ಸುಕ್ಕಾಗಿದ್ದರೆ ಓದು ಕೆಡುತ್ತದೆ. ಆದರೂ ಒಂದು ಕ್ಯಾಸೆಟ್ಟಿನಲ್ಲಿ ಹತ್ತಾರು ಪ್ರೋಗ್ರಾಂ ಇಡಬಹುದು, ಪಕ್ಕದ ಮನೆಯ ಗೆಳೆಯನಿಗೆ ಕೊಡಬಹುದು, ಅವನು ತಿದ್ದಿ ವಾಪಸು ತರಬಹುದು. ಅಮೆರಿಕದಲ್ಲಿ ಬ್ಯಾಲಿ ಕಂಪನಿಯ ಯಂತ್ರಕ್ಕೂ ಟೇಪಿಗೆ ಉಳಿಸುವ ಸೌಲಭ್ಯವಿತ್ತು. ‘ಆರ್ಕೇಡಿಯನ್’ ಎಂಬ ಪುಟ್ಟ ಪತ್ರಿಕೆಯ ಸುತ್ತ ಅದರ ಬಳಕೆದಾರರ ಬಳಗವೇ ಬೆಳೆಯಿತು.

ಹಾಗಿದ್ದೂ ನಿಂಟೆಂಡೊ ಈ ಬಲವನ್ನು ಪೆಟ್ಟಿಗೆಯ ಹೊರಗಿಟ್ಟಿತು. ಡೇಟಾ ರೆಕಾರ್ಡರಿಗೆ ಪ್ರತ್ಯೇಕವಾಗಿ 9,800 ಯೆನ್. ಮನೆಯಲ್ಲಿದ್ದ ಸಾಧಾರಣ ಟೇಪ್ ರೆಕಾರ್ಡರನ್ನೂ ಕೀಬೋರ್ಡಿನ ಜ್ಯಾಕಿಗೆ ಸಿಕ್ಕಿಸಬಹುದಿತ್ತು ಎಂಬುದೊಂದೇ ಸಮಾಧಾನ. ಉಳಿಸುವುದು ಬರೆಯುವುದರ ಭಾಗ. ಅದನ್ನು ಐಚ್ಛಿಕ ಬಿಡಿಭಾಗವಾಗಿ ಮಾರಿದ್ದು ತಪ್ಪು.

ಇದಕ್ಕಿಂತ ದೊಡ್ಡ ಅನ್ಯಾಯವಾದದ್ದು ಜಪಾನಿನ ಹೊರಗೆ. ‘ಎಕ್ಸೈಟ್‌ಬೈಕ್’ ಬೈಕ್ ಓಟದ ಆಟದಲ್ಲಿ ನಮ್ಮದೇ ಹಾದಿ ಕಟ್ಟುವ ವಿಭಾಗವಿದೆ. ಜಪಾನಿನಲ್ಲಿ ಆ ಹಾದಿಯನ್ನು ಟೇಪಿಗೆ ಉಳಿಸಬಹುದಿತ್ತು. ಆದರೆ ಆ ರೆಕಾರ್ಡರ್ ಅಮೆರಿಕಕ್ಕೆ ಬರಲೇ ಇಲ್ಲ. ಅಲ್ಲಿನ ಆವೃತ್ತಿಯ ಪರದೆಯ ಮೇಲೆ ‘ಸೇವ್’, ‘ಲೋಡ್’ ಎರಡೂ ಕಾಣುತ್ತವೆ. ಒತ್ತಿದರೆ ಏನೂ ಉಳಿಯುವುದಿಲ್ಲ. ಅವು ಈ ಆಟದಲ್ಲಿ ಕೆಲಸ ಮಾಡುವುದಿಲ್ಲ, ಮುಂದೆ ಬರಬಹುದಾದ ಸಾಧನಕ್ಕಾಗಿ ಇಟ್ಟದ್ದು ಎಂದು ಕೈಪಿಡಿಯೇ ಒಪ್ಪಿಕೊಂಡಿತ್ತು. ಗಂಟೆಗಟ್ಟಲೆ ಕೂತು ಗುಡ್ಡ, ಕೆಸರು, ಉಬ್ಬುಗಳನ್ನು ಜೋಡಿಸಿದ ಮಗುವಿಗೆ ಅದು ಉತ್ತರವಲ್ಲ.

ಅಂದಿನ ಮಕ್ಕಳ ಕೆಲಸದಲ್ಲಿ ಇವತ್ತು ಕೈಗೆ ಸಿಗಬಹುದಾದದ್ದು ಕ್ಯಾಸೆಟ್ಟಿನಲ್ಲಿರುವುದೇ. ಸೆಲ್ ನಂಬಿದ ಪ್ರೋಗ್ರಾಮುಗಳು ಸೆಲ್ಲಿನ ಜೊತೆಗೇ ಮುಗಿದವು. ಟೇಪಿನಲ್ಲಿರುವುದು ಬರೀ ಸದ್ದು. ಹಾಗಾಗಿ ಅದನ್ನು ಕಾಪಿ ಮಾಡಲು ಫ್ಯಾಮಿಕಾಮೇ ಬೇಕೆಂದಿಲ್ಲ. ಒಂದು ಕ್ಯಾಸೆಟ್ ಪ್ಲೇಯರನ್ನು ಕಂಪ್ಯೂಟರಿಗೆ ಜೋಡಿಸಿ ಆಡಿಯೋ ಫೈಲಾಗಿ ಇಟ್ಟುಕೊಳ್ಳಬಹುದು. ಕಾರ್ಟ್ರಿಜ್‌ಗಳನ್ನು ಸಂಗ್ರಹಿಸುವವರು ಅಟ್ಟದ ಮೇಲಿನ ಹೆಸರಿಲ್ಲದ ಕ್ಯಾಸೆಟ್ಟುಗಳಿಗೂ ಅಷ್ಟೇ ಗಮನ ಕೊಡಬೇಕು, ಅದೂ ಟೇಪಿನ ಲೇಪ ಉದುರುವ ಮೊದಲೇ.