ಐವರ ಕರುಳು, ಒಂದು ಪೊಟ್ಟಣ ಪುಡಿ

ಡೊಂಬಿವಲಿ ಪೂರ್ವದಲ್ಲಿ ನನ್ನ ಭಾವನದು ಉಡುಪಿ ಹೋಟೆಲು. ಗಲ್ಲಾದಲ್ಲಿ ಚಿಲ್ಲರೆಯ ಪಕ್ಕ ಈಗ ಪ್ರೋಬಯಾಟಿಕ್ ಪುಡಿಯ ಪೊಟ್ಟಣಗಳೂ ಇರುತ್ತವೆ. ಆರು ವರ್ಷಗಳ ಹಿಂದೆ ಅವರು ಸ್ಲೀವ್ ಆಪರೇಷನ್ ಮಾಡಿಸಿಕೊಂಡರು. ಜಠರದ ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಂಥ ಕೊಳವೆಯಾಗಿಸುವ ಶಸ್ತ್ರಚಿಕಿತ್ಸೆ ಅದು. ಮೊದಲ ವರ್ಷ ಊರಿನ ಭೂತಕೋಲಕ್ಕೆ ಹೋದಾಗ ನೆಂಟರಿಗೆ ಅವರ ಗುರುತೇ ಸಿಗಲಿಲ್ಲ. ನಾಲ್ಕನೆಯ ವರ್ಷಕ್ಕೆ ಅಂಗಿಯ ಗುಂಡಿ ಮತ್ತೆ ಬಿಗಿಯತೊಡಗಿತು. ಆಮೇಲೆ ಮಲ ಪರೀಕ್ಷೆ, ಬಣ್ಣಬಣ್ಣದ ವರದಿ, ಕರುಳಿನ ಬ್ಯಾಕ್ಟೀರಿಯಾ ಸರಿಯಿಲ್ಲವೆಂಬ ತೀರ್ಪು, ಕೊನೆಗೆ ಈ ಪುಡಿ.

ಥಾಣೆಯಿಂದ ಕಲ್ಯಾಣದವರೆಗೆ, ಆಚೆ ನವಿಮುಂಬಯಿಯಲ್ಲೂ ಈ ಆಪರೇಷನ್ ಈಗ ಹೊಸತಲ್ಲ. ಅದರ ಬಗ್ಗೆ ನನ್ನ ತಕರಾರೂ ಇಲ್ಲ. ಭಾವನ ಸಕ್ಕರೆ ಕಾಯಿಲೆಯ ಮಾತ್ರೆಗಳು ಕಡಿಮೆಯಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ತಕರಾರಿರುವುದು ಪುಡಿಯ ಜೊತೆ ಮಾರಾಟವಾಗುವ ವಿಜ್ಞಾನದ ಬಗ್ಗೆ.

ಆ ವಿಜ್ಞಾನ ಪೂರ್ತಿ ಬೊಗಳೆಯಲ್ಲ. ತೂಕ ಇಳಿಸುವ ಇನ್ನೊಂದು ಆಪರೇಷನ್ ಬೈಪಾಸ್, ಜಠರವನ್ನು ಚಿಕ್ಕದಾಗಿಸಿ ನೇರ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುವಂಥದ್ದು. ಅದನ್ನು ಮಾಡಿದಾಗ ಜಠರದ ಆಮ್ಲ ತಗ್ಗುತ್ತದೆ, ಪಿತ್ತರಸ ಮತ್ತು ಅನ್ನ ಸೇರುವ ಜಾಗ ಬದಲಾಗುತ್ತದೆ, ಕರುಳಿನ ಕೆಳಭಾಗಕ್ಕೆ ಆಮ್ಲಜನಕ ಹೆಚ್ಚು ತಲುಪುವ ಸಾಧ್ಯತೆಯಿದೆ. ಕರುಳಿನ ಒಕ್ಕಲುಗಳಾದ ಬ್ಯಾಕ್ಟೀರಿಯಾಗಳೂ ಬದಲಾಗುತ್ತವೆ, ಮೊದಲು ಮೂಲೆಯಲ್ಲಿದ್ದ ಪ್ರೋಟಿಯೋಬ್ಯಾಕ್ಟೀರಿಯಾ ಗುಂಪು ಮುಂದೆ ಬರುತ್ತದೆ. 2013ರಲ್ಲಿ ಅಮೆರಿಕದ ಸಂಶೋಧಕರು ಬೈಪಾಸ್ ಆದ ಇಲಿಗಳ ಕರುಳಿನ ಸೂಕ್ಷ್ಮಜೀವಿಗಳನ್ನು ಕತ್ತರಿ ತಾಗದ, ಸೂಕ್ಷ್ಮಜೀವಿಗಳೇ ಇಲ್ಲದ ಇಲಿಗಳಿಗೆ ದಾಟಿಸಿದರು. ಅವೂ ತೂಕ ಇಳಿಸಿಕೊಂಡವು. 2015ರಲ್ಲಿ ಸ್ವೀಡನ್ನಿನವರು ಆಪರೇಷನ್ ಆಗಿ ಒಂಬತ್ತು ವರ್ಷ ಕಳೆದಿದ್ದ ಮಹಿಳೆಯರನ್ನು ಪರೀಕ್ಷಿಸಿದಾಗ ಬದಲಾದ ಒಕ್ಕಲು ಹಾಗೇ ಉಳಿದಿತ್ತು. ಅವರಿಂದ ಸೂಕ್ಷ್ಮಜೀವಿ ಪಡೆದ ಇಲಿಗಳಲ್ಲಿ ಕೊಬ್ಬು ಕಡಿಮೆ ಸೇರಿತು.

ಇಲ್ಲಿಯವರೆಗೆ ಸರಿ. ಆದರೆ ಆ ಅಮೆರಿಕದ ಇಲಿಗಳಿಗೆ ಆದದ್ದು ಬೈಪಾಸ್, ಭಾವನಿಗೆ ಆದದ್ದು ಸ್ಲೀವ್. ಇಲಿ ಎರಡು ವಾರದ ಲೆಕ್ಕ ಕೊಟ್ಟೀತು. ರಾತ್ರಿ ಹನ್ನೊಂದೂವರೆಗೆ ಶಟರ್ ಎಳೆದ ಮೇಲೆ ಊಟಕ್ಕೆ ಕೂರುವ ಮನುಷ್ಯನ ಆರು ವರ್ಷದ ಲೆಕ್ಕವನ್ನು ಅದು ಹೇಗೆ ಕೊಟ್ಟೀತು?

ನಮ್ಮವರ ಕರುಳನ್ನು ನೋಡಿದವರೂ ಇದ್ದಾರೆ, ದೂರದಲ್ಲೇನಲ್ಲ, ಘಾಟಿ ಹತ್ತಿದರೆ ಪುಣೆ. ಸೂಕ್ಷ್ಮಜೀವಿ ವಿಜ್ಞಾನಿ ಯೋಗೇಶ್ ಶೌಚೆ ಮತ್ತು ಸಂಗಡಿಗರು 2012ರಲ್ಲಿ 'ಜರ್ನಲ್ ಆಫ್ ಬಯೋಸೈನ್ಸಸ್'ನಲ್ಲಿ ಪ್ರಕಟಿಸಿದ ಪ್ರಬಂಧ ಅದು. ತೆಳ್ಳಗಿನವರು, ಸಾಮಾನ್ಯರು, ಸ್ಥೂಲಕಾಯದವರು, ಆಪರೇಷನ್ ಆದವರು ಎಂದು ನಾಲ್ಕು ಗುಂಪು, ಗುಂಪಿಗೆ ಐವರು. ನನಗೆ ಈ ಪ್ರಬಂಧ ಇಷ್ಟವಾಗುವುದು ಅದು ಪರದೇಶದ ಸೂತ್ರಕ್ಕೆ ತಲೆಯಾಡಿಸದ ಕಾರಣಕ್ಕೆ. ದಪ್ಪಗಿರುವವರ ಕರುಳಿನಲ್ಲಿ ಫರ್ಮಿಕ್ಯೂಟ್ಸ್ ಹೆಚ್ಚು, ಬ್ಯಾಕ್ಟೀರಾಯ್ಡಿಟೀಸ್ ಕಡಿಮೆ ಎಂಬುದು 2006ರ ಸುಮಾರಿಗೆ ಅಮೆರಿಕದಿಂದ ಹೊರಟು ಜಗತ್ತು ಸುತ್ತಿದ ಮಾತು. ಪುಣೆಯವರಿಗೆ ಈ ಎರಡು ದೊಡ್ಡ ಕುಲಗಳಲ್ಲಿ ಅಂಥ ಸ್ಪಷ್ಟ ಒಲವು ಕಾಣಲೇ ಇಲ್ಲ. ಬದಲಿಗೆ ಸ್ಥೂಲಕಾಯದವರಲ್ಲಿ ಎದ್ದು ಕಂಡದ್ದು ಬ್ಯಾಕ್ಟೀರಾಯ್ಡಿಸ್ ಎಂಬ ಪಂಗಡ, ಜೊತೆಗೆ ಆರ್ಕಿಯಾ ಎಂಬ ಬೇರೆಯೇ ಬಗೆಯ ಜೀವಿಗಳು. ಆಪರೇಷನ್ ಆದವರಲ್ಲಿ ಇವೆರಡೂ ಕಡಿಮೆಯಿದ್ದವು. ಕರುಳಿನಲ್ಲಿ ನಾರು ಹುಳಿತಾಗ ಹುಟ್ಟುವ ಕೊಬ್ಬಿನಾಮ್ಲಗಳೂ ಮಲದಲ್ಲಿ ಕಡಿಮೆಯಿದ್ದವು.

ಭಾವನ ವರದಿ ತೆರೆದು ನೋಡಿದೆ. ಮೊದಲ ಪುಟದಲ್ಲೇ ಕೆಂಪು ಬಣ್ಣದಲ್ಲಿ ಅದೇ ಹಳೇ ಫರ್ಮಿಕ್ಯೂಟ್ಸ್–ಬ್ಯಾಕ್ಟೀರಾಯ್ಡಿಟೀಸ್ ಅನುಪಾತ! ಇಡ್ಲಿ, ಕುಚ್ಚಲಕ್ಕಿ, ಮಜ್ಜಿಗೆ ತಿಂದು ಬೆಳೆದ ಹೊಟ್ಟೆಯನ್ನು ಯಾರ ಹೊಟ್ಟೆಯ ಅಳತೆಗೋಲಿನಿಂದ ಅಳೆದರೋ.

ಪುಣೆಯ ಪ್ರಬಂಧಕ್ಕೂ ಮಿತಿಯಿದೆ, ಅದು ಚಿಕ್ಕದಲ್ಲ. ಐವರು ಎಂದರೆ ನಮ್ಮ ಹೋಟೆಲಿನ ಒಂದು ಟೇಬಲ್ಲಿಗೆ ಒಂದು ಹೆಚ್ಚುವರಿ ಕುರ್ಚಿ. ಆಪರೇಷನ್ ಆದವರು ಬೇರೆ, ಆಗದವರು ಬೇರೆ. ಒಬ್ಬರನ್ನೇ ಮೊದಲೂ ಆಮೇಲೂ ನೋಡಿದ್ದಲ್ಲ. ಹಾಗಾಗಿ ಬ್ಯಾಕ್ಟೀರಿಯಾ ಬದಲಾಗಿ ತೂಕ ಇಳಿಯಿತೋ, ತುತ್ತು ಕಡಿಮೆಯಾದ ಕಾರಣ ಬ್ಯಾಕ್ಟೀರಿಯಾ ಬದಲಾದವೋ ಎಂದು ಅದರಿಂದ ತೀರ್ಮಾನಿಸಲಾಗದು. ಇನ್ನಷ್ಟು ಅಧ್ಯಯನ ಬೇಕೆಂದು ಲೇಖಕರೇ ಬರೆದಿದ್ದಾರೆ. ಪ್ರಯೋಗಾಲಯದ ಆ ಸಂಕೋಚ ಪೊಟ್ಟಣದ ಮೇಲೆ ಅಚ್ಚಾಗುವುದಿಲ್ಲ.

ಪುಡಿಯ ಪರ ಒಂದು ಸಾಕ್ಷಿ ಇದೆ. 2009ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೈಪಾಸ್ ಆದ 44 ಜನರ ಮೇಲೆ ನಡೆದ ಪ್ರಯೋಗದಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಪ್ರೋಬಯಾಟಿಕ್ ತೆಗೆದುಕೊಂಡವರು ಮೂರು ತಿಂಗಳಿಗೆ ಹೆಚ್ಚು ತೂಕ ಇಳಿಸಿಕೊಂಡಿದ್ದರು, ಅವರ ಬಿ12 ವಿಟಮಿನ್ ಮಟ್ಟ ಕೂಡ ಮೇಲಿತ್ತು. ಪ್ರಯೋಗ ಮುಗಿದದ್ದು ಆರನೆಯ ತಿಂಗಳಿಗೆ. ಭಾವನ ತೊಂದರೆ ಶುರುವಾದದ್ದು ನಾಲ್ಕನೆಯ ವರ್ಷದಲ್ಲಿ.

ದೀರ್ಘಕಾಲದ ಮಾತಿಗೆ ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನವನ್ನೇ ನೋಡಬೇಕು. ಬೈಪಾಸ್ ಆದವರು ಒಂದೆರಡು ವರ್ಷದಲ್ಲಿ ಸರಾಸರಿ ಶೇ. 32 ತೂಕ ಕಳೆದುಕೊಂಡರು, ಹತ್ತು ವರ್ಷದ ಹೊತ್ತಿಗೆ ಅದು ಶೇ. 25ಕ್ಕೆ ನಿಂತಿತು. ಅಂದರೆ ಸ್ವಲ್ಪ ತೂಕ ಮರಳುವುದು ಆಪರೇಷನ್ನಿನ ಸಹಜ ನಡೆ. ಅದನ್ನು ಮೊದಲ ದಿನವೇ ಹೇಳಿದ್ದರೆ ಭಾವ ಅಂಗಿಯ ಗುಂಡಿ ನೋಡಿ ಹೆದರುತ್ತಿರಲಿಲ್ಲ, ಪುಡಿಯವನಿಗೆ ಗಿರಾಕಿಯೂ ಆಗುತ್ತಿರಲಿಲ್ಲ.

ಅವರ ಫೈಲು ನನ್ನ ಬಳಿಯೇ ಇದೆ. ಮೊದಲ ವರ್ಷದ ಹಾಳೆಗಳು ಒತ್ತೊತ್ತಾಗಿವೆ: ಪ್ರೋಟೀನು, ಕಬ್ಬಿಣ, ಬಿ12, ಆಹಾರತಜ್ಞೆಯ ಸಹಿ. ಹದಿನೆಂಟನೆಯ ತಿಂಗಳ ನಂತರ ಆಸ್ಪತ್ರೆಯಿಂದ ಯಾರೂ ಕರೆ ಮಾಡಿಲ್ಲ, ಇವರೂ ಹೋಗಿಲ್ಲ. ಆಮೇಲಿನ ಹಾಳೆ ಒಂದೇ, ಮಲ ಪರೀಕ್ಷೆಯದು. ಅದರಲ್ಲಿ ಬಿ12 ಇಲ್ಲ. ಕಳೆದ ವಾರ ಕಾಲು ಜೋಮು ಹಿಡಿಯುತ್ತದೆ ಎಂದರು, ಬಿ12 ಕೊರತೆಯಿಂದಲೂ ಹಾಗಾಗಬಹುದು. ಪುಡಿ ಒತ್ತಟ್ಟಿಗಿಟ್ಟು ಮೊದಲು ರಕ್ತ ಕೊಟ್ಟು ಬನ್ನಿ ಭಾವ ಎಂದಿದ್ದೇನೆ.