ಸಿಗ್ನಲ್ ತಪ್ಪಿದ ವಿಮಾನ ಎಲ್ಲಿ ಬೀಳಬೇಕು?

ರಾಗಿ ಕೊಯ್ಲು ಮುಗಿದು ಹೊಲಗಳು ಬಯಲಾಗಿವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸುತ್ತ ರೇಡಿಯೊ ಕಂಟ್ರೋಲ್ ವಿಮಾನ ಹಾರಿಸುವವರಿಗೆ ಇದೇ ಸುಗ್ಗಿ. ಹಿಂದೆ ಒಣಗಿದ ಕೆರೆಯಂಗಳಗಳೇ ನಮ್ಮ ರನ್‌ವೇ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ಒಂದೊಂದೇ ಕೆರೆಗೆ ಬಂದ ಮೇಲೆ ನಾವು ಹೊಲಗಳ ಕಡೆ ಸರಿದೆವು. ಹೊಲ ಎಂದ ಮೇಲೆ ಪಕ್ಕದಲ್ಲೇ ಟೊಮೆಟೊ ತೋಟವಿರುತ್ತದೆ, ಅಲ್ಲಿ ಬಗ್ಗಿ ಹಣ್ಣು ಕೀಳುವ ಹೆಂಗಸರಿರುತ್ತಾರೆ. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬದುವಿನ ಮೇಲೆ ನಡೆಯುವವರು, ಮೇಯುವ ದನಗಳು, ಬೋರ್‌ವೆಲ್‌ಗೆ ಎಳೆದ ಕರೆಂಟು ತಂತಿ, ಎಲ್ಲವೂ ನಮ್ಮ ಹಾರಾಟದ ಅಂಚಿನಲ್ಲೇ ಇವೆ. ಹಾಗಾಗಿ ಈ ವಾರ ಫೇಲ್‌ಸೇಫ್ ಬಗ್ಗೆ ಬರೆಯುತ್ತಿದ್ದೇನೆ.

ಟ್ರಾನ್ಸ್‌ಮಿಟರ್‌ನ ಸಿಗ್ನಲ್ ಕಡಿದುಹೋದಾಗ ರಿಸೀವರ್ ತಾನಾಗಿ ಏನು ಮಾಡಬೇಕೆಂದು ಮೊದಲೇ ಹೇಳಿಟ್ಟಿರುವುದೇ ಫೇಲ್‌ಸೇಫ್. ಅದರಿಂದ ವಿಮಾನ ಉಳಿಯುತ್ತದೆ ಎಂದು ನಂಬಿದವರು ಬಹಳ. ಸಿಗ್ನಲ್ ಮರಳುವವರೆಗೆ ನೇರಕ್ಕೆ ಹಾರುತ್ತಿರಲಿ ಎಂದು ಅರ್ಧ ಥ್ರಾಟಲ್ ಇಟ್ಟುಬಿಡುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಹಿಡಿತ ತಪ್ಪಿದ ಕ್ಷಣದಿಂದ ಆ ವಿಮಾನ ನಮ್ಮದಲ್ಲ. ಕೆಳಗಿರುವ ಜನರ ಕ್ಷೇಮವಷ್ಟೇ ನಮ್ಮ ಹೊಣೆ. ನಮ್ಮ ಹುಡುಗರು ಥರ್ಮಾಕೋಲ್ ವಿಮಾನಕ್ಕೆ ಹಾಕುವ 1000 ಕೆವಿ ಮೋಟಾರ್, ಹತ್ತು ಇಂಚಿನ ಪ್ರೊಪೆಲ್ಲರ್ ತೆಗೆದುಕೊಳ್ಳಿ. ಅದು ನಿಮಿಷಕ್ಕೆ 8000 ಸುತ್ತು ಸುತ್ತಿದರೆ ರೆಕ್ಕೆಯ ತುದಿ ಗಂಟೆಗೆ ಸುಮಾರು 380 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಬೀಳುವ ವಿಮಾನದಲ್ಲಿ ಈ ರೆಕ್ಕೆ ತಿರುಗುತ್ತಿದೆಯೋ ನಿಂತಿದೆಯೋ ಎಂಬುದರ ಮೇಲೆ ಯಾರದೋ ಕಣ್ಣು, ಬೆರಳು ನಿಂತಿರುತ್ತದೆ. ಬ್ರಿಟನ್ನಿನ ಮಾದರಿ ವಿಮಾನಗಳ ಮಾರ್ಗಸೂಚಿ ಕೂಡ ಫೇಲ್‌ಸೇಫ್‌ನಿಂದ ಕೇಳುವ ಕನಿಷ್ಠ ಕೆಲಸ ಇದೇ: ಸಿಗ್ನಲ್ ಹೋದರೆ ಎಂಜಿನ್ ಐಡಲ್‌ಗೆ ಇಳಿಯಬೇಕು. ಬ್ಯಾಟರಿ ಮೋಟಾರ್ ಆದರೆ ಪೂರ್ತಿ ನಿಲ್ಲಬೇಕು.

72 ಮೆಗಾಹರ್ಟ್ಸ್‌ನ ಹಳೆಯ ಎಫ್‌ಎಂ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಈ ಅನುಕೂಲವೇ ಇರಲಿಲ್ಲ. ಅದೇ ಚಾನೆಲ್‌ನಲ್ಲಿ ಇನ್ನೊಬ್ಬರು ಸ್ವಿಚ್ ಹಾಕಿದರೆ ಸರ್ವೊಗಳು ನಡುಗಿ ವಿಮಾನ ನೆಲಕ್ಕೆ ಬರುತ್ತಿತ್ತು. ಪಿಸಿಎಂ ಎಂಬ ಡಿಜಿಟಲ್ ಸೆಟ್‌ಗಳು ಬಂದ ಮೇಲೆ ಫೇಲ್‌ಸೇಫ್ ಬಂತು. ಈಗಿನ 2.4 ಗಿಗಾಹರ್ಟ್ಸ್ ಸೆಟ್‌ಗಳು ಒಂದರ ಸಿಗ್ನಲ್ ಇನ್ನೊಂದಕ್ಕೆ ಬೆರೆಯಲು ಬಿಡುವುದಿಲ್ಲ. ಆದರೆ ಈ ಅಲೆ ಮಾವಿನ ತೋಪಿನ ಆಚೆಗೋ ಬಂಡೆಯ ಹಿಂದಕ್ಕೋ ಸರಿಯಾಗಿ ಹೋಗದು. ಶ್ರೀನಿವಾಸಪುರದ ತೋಪುಗಳ ಹಿಂದೆ, ಅಂತರಗಂಗೆ ಬೆಟ್ಟದ ಮರೆಗೆ ವಿಮಾನ ಇಳಿಸಬಾರದೆಂದು ಹೇಳುವುದು ಇದಕ್ಕೇ.

ಮೋಸ ಹೋಗುವುದು ಬೈಂಡ್ ಮಾಡುವಾಗ, ಅಂದರೆ ರಿಸೀವರನ್ನು ಟ್ರಾನ್ಸ್‌ಮಿಟರ್‌ಗೆ ಜೋಡಿಸುವಾಗ. ಹಲವು ರಿಸೀವರ್‌ಗಳು ಬೈಂಡ್ ಆಗುವ ಹೊತ್ತಿನಲ್ಲಿ ಸ್ಟಿಕ್ ಎಲ್ಲಿತ್ತೋ ಅದನ್ನೇ ಫೇಲ್‌ಸೇಫ್ ಎಂದು ನೆನಪಿಡುತ್ತವೆ. ಥ್ರಾಟಲ್ ಮೇಲಿದ್ದರೆ, ಸಿಗ್ನಲ್ ಹೋದಾಗ ಮೋಟಾರ್ ಪೂರ್ತಿ ಜೋರಿನಲ್ಲಿ ಓಡುತ್ತದೆ. ಸ್ಟಿಕ್ ಸರಿಯಾಗಿಯೇ ಇಟ್ಟು ಬೈಂಡ್ ಮಾಡಿ, ಆಮೇಲೆ ಥ್ರಾಟಲ್ ಚಾನೆಲ್ ರಿವರ್ಸ್ ಮಾಡಿದರೂ ಗತಿ ಅದೇ. ರಿಸೀವರ್‌ನಲ್ಲಿ ಉಳಿದಿರುವುದು ಹಳೆಯ ಲೆಕ್ಕ. ಇನ್ನು ಕೆಲವು ಸೆಟ್‌ಗಳು ಕೊನೆಯ ಆಜ್ಞೆಯನ್ನೇ ಹಿಡಿದು ಕೂರುತ್ತವೆ. ಆದ್ದರಿಂದ ರಿವರ್ಸ್, ಟ್ರಿಮ್, ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಕ) ಕ್ಯಾಲಿಬ್ರೇಶನ್ ಎಲ್ಲ ಮುಗಿದ ಮೇಲೆಯೇ, ಟ್ರಿಮ್ ಕೂಡ ಕೆಳಗಿಟ್ಟು, ಫೇಲ್‌ಸೇಫ್ ಹೊಂದಿಸಿ.

ಮೋಟಾರ್ ನಿಂತರೆ ಸಾಲದು. 100 ಮೀಟರ್ ಎತ್ತರದ ಹಗುರ ವಿಮಾನ, ಎತ್ತರದ ಎಂಟು ಪಟ್ಟು ದೂರ ತೇಲಿದರೆ 800 ಮೀಟರ್ ಆಚೆ, ನಮ್ಮ ಹೊಲ ದಾಟಿ ಹೆದ್ದಾರಿಗೋ ಊರಿಗೋ ಮುಟ್ಟುತ್ತದೆ. ನಾನು ಫೇಲ್‌ಸೇಫ್‌ನಲ್ಲಿ ರಡ್ಡರನ್ನು ತುಸು ಒಂದು ಬದಿಗೆ, ಎಲಿವೇಟರನ್ನು ಕೊಂಚ ಮೇಲಕ್ಕೆ ಇಡುತ್ತೇನೆ. ವಿಮಾನ ಅಲ್ಲೇ ಸುತ್ತುತ್ತ ಇಳಿಯುತ್ತದೆ. ಎಷ್ಟು ಡಿಗ್ರಿ ಎಂಬುದು ವಿಮಾನದಿಂದ ವಿಮಾನಕ್ಕೆ ಬೇರೆ. ಸಾಕಷ್ಟು ಎತ್ತರದಲ್ಲಿ, ಕೈಯಲ್ಲಿ ಹಿಡಿತವಿರುವಾಗಲೇ ಸ್ಟಿಕ್‌ಗಳನ್ನು ಅದೇ ಜಾಗದಲ್ಲಿಟ್ಟು ನೋಡಿದರೆ ಗೊತ್ತಾಗುತ್ತದೆ.

ಎಂಜಿನ್ ನಿಲ್ಲಿಸುವುದು ಎಷ್ಟು ದೊಡ್ಡ ತೀರ್ಮಾನ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಮಾಲೂರಿನ ದಕ್ಷಿಣಕ್ಕೆ, ಗಡಿಯಾಚೆಯ ಹೊಸೂರಿನ ತನೇಜಾ ಏರೋಸ್ಪೇಸ್ ರನ್‌ವೇಯಿಂದ 2009ರ ನವೆಂಬರ್ 16ರಂದು ಡಿಆರ್‌ಡಿಒದ ಪೈಲಟ್‌ರಹಿತ ರುಸ್ತುಂ-1 ಮೊದಲ ಸಲ ಹಾರಿತು. ಟೇಕಾಫ್ ಸರಿಯಾಗಿತ್ತು. ನೆಲದಲ್ಲಿ ನಿಂತು ನಡೆಸುತ್ತಿದ್ದ ಪೈಲಟ್ ಎತ್ತರವನ್ನು ತಪ್ಪಾಗಿ ಅಂದಾಜಿಸಿದ್ದರಿಂದ, ನೆಲದಿಂದ ಹೋದ ಆಜ್ಞೆಯಿಂದ ಎಂಜಿನ್ ಆರಿ ವಿಮಾನ ಬಿತ್ತು ಎಂದು ಡಿಆರ್‌ಡಿಒ ತಿಳಿಸಿತು. 2010ರ ಅಕ್ಟೋಬರ್‌ನಲ್ಲಿ ಅದು ಸರಿಯಾಗಿ ಹಾರಿತು. ಎತ್ತರ ಅಂದಾಜಿಸುವುದು ಪಳಗಿದವರಿಗೂ ಕಷ್ಟ. ಮೋಟಾರನ್ನು ಒಮ್ಮೆಲೇ ನಿಲ್ಲಿಸುವ ಥ್ರಾಟಲ್ ಕಟ್ ಸ್ವಿಚ್ ಎಲ್ಲ ವಿಮಾನಕ್ಕೂ ಇರಲೇಬೇಕು. ಆದರೆ ಅದು ಫ್ಲ್ಯಾಪ್ ಸ್ವಿಚ್‌ನ ಪಕ್ಕದಲ್ಲಿ ಬೇಡ, ತಡಕಾಡುವ ಬೆರಳಿಗೆ ಸಿಗುವ ಜಾಗದಲ್ಲಿ ಬೇಡ.

ರಿಸೀವರ್‌ಗೆ ಕರೆಂಟೇ ಹೋಗದಿದ್ದರೆ ಫೇಲ್‌ಸೇಫ್ ಕೂಡ ಇಲ್ಲ. ಸಿಕ್ಕಿಕೊಂಡ ಒಂದು ಸರ್ವೊ, ಸಡಿಲ ಕನೆಕ್ಟರ್, ಇಳಿದ ಲೈಪೊ ಬ್ಯಾಟರಿ ಸಾಕು. ಸಿಗ್ನಲ್ ಸುಲಭಕ್ಕೆ ತಪ್ಪದಂತೆ ರಿಸೀವರ್‌ನ ಎರಡು ಆ್ಯಂಟೆನಾಗಳನ್ನು ಒಂದಕ್ಕೊಂದು 90 ಡಿಗ್ರಿಯಲ್ಲಿ, ಬ್ಯಾಟರಿ ಮತ್ತು ಕಾರ್ಬನ್ ಭಾಗಗಳಿಂದ ದೂರ ಅಂಟಿಸಿ.

ಕಾನೂನಿನ ಮಾತನ್ನೂ ಮರೆಯಬಾರದು. 2021ರ ಡ್ರೋನ್ ನಿಯಮಗಳ ಪ್ರಕಾರ 25 ಕಿಲೋ ಒಳಗಿನ ಮಾದರಿ ವಿಮಾನವನ್ನು ಕಣ್ಣಳತೆಯಲ್ಲೇ ಹಾರಿಸಬೇಕು. ಹಸಿರು ವಲಯದಲ್ಲಿ 400 ಅಡಿಯೇ ಮಿತಿ. ಹೋಗುವ ಮುನ್ನ ಡಿಜಿಟಲ್ ಸ್ಕೈ ಜಾಲತಾಣದ ವಲಯ ನಕ್ಷೆ ನೋಡಿ, ಹೊಲದ ಮಾಲೀಕರ ಒಪ್ಪಿಗೆ ಕೇಳಿ.

ಈ ಭಾನುವಾರ ಹೊಲಕ್ಕೆ ಹೋಗುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಪ್ರೊಪೆಲ್ಲರ್ ಬಿಚ್ಚಿ, ವಿಮಾನವನ್ನು ಗಟ್ಟಿಯಾಗಿ ಕಟ್ಟಿ, ಅರ್ಧ ಥ್ರಾಟಲ್ ಕೊಟ್ಟು ಟ್ರಾನ್ಸ್‌ಮಿಟರ್ ಆಫ್ ಮಾಡಿ. ಮೋಟಾರ್ ಒಂದೆರಡು ಸೆಕೆಂಡಿನಲ್ಲಿ ನಿಲ್ಲಬೇಕು. ಮತ್ತೆ ಆನ್ ಮಾಡುವ ಮುನ್ನ ಸ್ಟಿಕ್ ಕೆಳಗಿಳಿಸಿ, ಇಲ್ಲದಿದ್ದರೆ ಸಿಗ್ನಲ್ ಬಂದೊಡನೆ ಮೋಟಾರ್ ಮತ್ತೆ ಓಡುತ್ತದೆ. ಪರೀಕ್ಷೆಯಲ್ಲಿ ಮೋಟಾರ್ ನಿಲ್ಲದೇ ಇದ್ದರೆ, ಸರಿಯಾಗುವವರೆಗೆ ಆ ವಿಮಾನವನ್ನು ಮನೆಯಿಂದ ಹೊರಗೆ ತರಬೇಡಿ.